ಒಂದೇ ಮೈದಾನ, ನಾಲ್ಕು ಆಟ: ತುಮಕೂರಿನ ಪಿ.ಡಿ. ಸರ್ ಅವರ ಬೇಸಿಗೆ ತರಬೇತಿ

ಏಪ್ರಿಲ್ ಬಂತೆಂದರೆ ತುಮಕೂರಿನ ಬಿ.ಎಚ್. ರಸ್ತೆಯ ಕಂಬಗಳಲ್ಲಿ ಬೇಸಿಗೆ ಶಿಬಿರಗಳ ಫ್ಲೆಕ್ಸುಗಳು ತೂಗಾಡತೊಡಗುತ್ತವೆ. ಈಜು, ಕರಾಟೆ, ಅಬ್ಯಾಕಸ್, ಸ್ಕೇಟಿಂಗ್, ಕ್ರಿಕೆಟ್ ಎಲ್ಲಕ್ಕೂ ಒಂದೊಂದು ಫ್ಲೆಕ್ಸು, ಒಂದೊಂದು ಫೋನ್ ನಂಬರು. ನಾನು ಇಲ್ಲಿ ಬರೆಯಹೊರಟಿರುವ ತರಬೇತಿಗೆ ಫ್ಲೆಕ್ಸೂ ಇಲ್ಲ, ಹೆಸರೂ ಇಲ್ಲ. ಶಿರಾ ಗೇಟ್ ಕಡೆಯ ಶಾಲೆಯೊಂದರ ಮೈದಾನದಲ್ಲಿ ಸಂಜೆ ನಾಲ್ಕೂವರೆಯಿಂದ ಆರೂವರೆಯವರೆಗೆ ನಡೆಯುವ ಇದನ್ನು ಗೊತ್ತಿದ್ದವರು ‘ಪಿ.ಡಿ. ಸರ್ ಕ್ಲಾಸು’ ಎನ್ನುತ್ತಾರೆ. ಪಿ.ಡಿ. ಎಂದರೆ ಫಿಸಿಕಲ್ ಡೈರೆಕ್ಟರ್, ಅಂದರೆ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು. ಆ ಹುದ್ದೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇದ್ದು ನಿವೃತ್ತರಾದವರು ಈ ಸರ್. ಹೆಸರು ಹಾಕಬೇಡಿ ಎಂದು ಅವರೇ ಹೇಳಿದ್ದರಿಂದ ಹಾಕುತ್ತಿಲ್ಲ. ಅದು ವಿನಯದ ಮಾತಲ್ಲ. “ಇರೋ ಮಕ್ಕಳನ್ನೇ ನೋಡ್ಕೊಳ್ಳೋಕೆ ಆಗ್ತಿಲ್ಲ ಮೇಡಂ, ಇನ್ನೂ ಬಂದ್ರೆ ಎಲ್ಲಿ ನಿಲ್ಲಿಸ್ಲಿ” ಎಂಬ ಲೆಕ್ಕಾಚಾರ.

ಹನ್ನೆರಡು ವರ್ಷದ ನನ್ನ ಮಗಳು ಕಳೆದ ಬೇಸಿಗೆಯ ಎರಡು ತಿಂಗಳು ಅಲ್ಲಿಗೆ ಹೋದಳು. ನಾನು ಆಟಗಾರ್ತಿಯಲ್ಲ, ಖಾಸಗಿ ಸಂಸ್ಥೆಯೊಂದರಲ್ಲಿ ಲೆಕ್ಕಪತ್ರ ನೋಡುವವಳು. ವಾರದ ದಿನಗಳಲ್ಲಿ ಆಫೀಸು ಮುಗಿಸಿಕೊಂಡು ಐದೂವರೆಗೆ, ಶನಿವಾರಗಳಲ್ಲಿ ಮೊದಲಿನಿಂದಲೇ, ಮೈದಾನದ ಅಂಚಿನ ಹೊಂಗೆ ಮರದ ಕೆಳಗೆ ಕುಳಿತು ನೋಡಿದ್ದನ್ನು ಬರೆಯುತ್ತಿದ್ದೇನೆ. ಶುಲ್ಕ ತಿಂಗಳಿಗೆ 1,200 ರೂಪಾಯಿ. ಒಂದೇ ಮನೆಯಿಂದ ಇಬ್ಬರು ಬಂದರೆ ಎರಡನೆಯವರಿಗೆ ಅರ್ಧ, ಸರ್ಕಾರಿ ಶಾಲೆಯ ಮಕ್ಕಳಿಗೆ ಶುಲ್ಕವಿಲ್ಲ. ಒಂಬತ್ತರಿಂದ ಹದಿನಾಲ್ಕು ವರ್ಷದವರನ್ನು ಮಾತ್ರ ಸೇರಿಸಿಕೊಳ್ಳುತ್ತಾರೆ. ಕಲಿಸುವುದು ಖೋ ಖೋ, ಕಬಡ್ಡಿ, ವಾಲಿಬಾಲ್ ಮತ್ತು ಓಟ. ಕ್ರಿಕೆಟ್ ಬೇಕೆಂದವರಿಗೆ ಮಹಾತ್ಮ ಗಾಂಧಿ ಕ್ರೀಡಾಂಗಣದ ದಾರಿ ತೋರಿಸಿ ನಗುತ್ತಾರೆ.

ಒಬ್ಬರೇ ನಾಲ್ಕು ಆಟ ಕಲಿಸುತ್ತಾರೆಂದರೆ ನನಗೆ ಮೊದಲು ಅನುಮಾನವೇ ಬಂದಿತ್ತು. ಒಂದೇ ಅಂಗಡಿಯಲ್ಲಿ ಸೈಕಲ್ ಟ್ಯೂಬೂ ಮದುವೆ ಸೀರೆಯೂ ಸಿಗುತ್ತವೆ ಎಂದಂತಲ್ಲವೇ ಇದು? ಆ ಅನುಮಾನ ಹೋದದ್ದು ಅವರ ವೃತ್ತಿಜೀವನದ ಕತೆ ತಿಳಿದ ಮೇಲೆ. ಸರ್ ಮೂಲತಃ ವಾಲಿಬಾಲ್ ಆಟಗಾರರು. 1980ರ ದಶಕದ ಕೊನೆಯಲ್ಲಿ ಜಿಲ್ಲೆಯ ಒಂದು ಕಾಲೇಜಿಗೆ ಸೇರಿದಾಗ ಅವರ ಪಾಲಿಗಿದ್ದುದು ಒಂದು ಮೈದಾನ, ಒಂದು ನೆಟ್ಟು ಮತ್ತು ಬೀಗ ಕೆಟ್ಟ ಒಂದು ಸ್ಟೋರ್ ರೂಮು. ನಮ್ಮ ಕಾಲೇಜುಗಳಲ್ಲಿ ಆಟಕ್ಕೊಬ್ಬ ತರಬೇತುದಾರ ಎಂಬ ಪದ್ಧತಿ ಅಂದೂ ಇರಲಿಲ್ಲ, ಇಂದೂ ಇಲ್ಲ. ವಿಶ್ವವಿದ್ಯಾನಿಲಯದ ಅಂತರಕಾಲೇಜು ಪಂದ್ಯಾವಳಿಗಳ ಸುತ್ತೋಲೆ ಬಂದಾಗ ಯಾವ ಆಟವೇ ಆಗಲಿ ತಂಡ ಕಟ್ಟಿಕೊಂಡು ಹೋಗಬೇಕಾದವರು ಪಿ.ಡಿ. ಒಬ್ಬರೇ. ಪಟಿಯಾಲದಲ್ಲಿ 1961ರಲ್ಲಿ ಆರಂಭವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ಡಿಪ್ಲೊಮಾ ಮಾಡಿದವರು ಒಂದು ಆಟದಲ್ಲಿ ಆಳಕ್ಕಿಳಿದಿರುತ್ತಾರೆ, ದೈಹಿಕ ಶಿಕ್ಷಣದ ಪದವಿಯಾದ ಬಿ.ಪಿ.ಎಡ್. ಮಾಡಿ ಕಾಲೇಜು ಸೇರಿದವರಿಗೆ ಎಲ್ಲ ಆಟವೂ ತಲೆಮೇಲೆ ಬೀಳುತ್ತದೆ. ಹೆಚ್ಚಿನವರು ತಮಗೆ ಬರುವ ಆಟವನ್ನು ಹಿಡಿದುಕೊಂಡು ಉಳಿದವಕ್ಕೆ ಹೆಸರು ಕಳುಹಿಸಿ ಸುಮ್ಮನಾಗುತ್ತಾರೆ. ಈ ಸರ್ ಹಾಗೆ ಮಾಡಲಿಲ್ಲ ಎಂಬಲ್ಲಿಂದ ಅವರ ಕತೆ ಬೇರೆಯಾಗುತ್ತದೆ.

ವಾಲಿಬಾಲ್ ತಂಡ ಮೊದಲು ಗೆದ್ದಿತು, ಅದು ನಿರೀಕ್ಷಿತವೇ. ಅದರ ಬೆನ್ನಿಗೆ ಹುಡುಗಿಯರ ಖೋ ಖೋ ತಂಡ ಬಂತು. 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಕಬಡ್ಡಿಗೆ ಪದಕದ ಮಾನ್ಯತೆ ದೊರೆತು ಭಾರತ ಚಿನ್ನ ಗೆದ್ದ ಮೇಲೆ, ಮಧುಗಿರಿ, ಪಾವಗಡ ಕಡೆಯ ಹಳ್ಳಿಗಳಿಂದ ಬಂದ ಹುಡುಗರು ತಾವಾಗಿಯೇ ಕಬಡ್ಡಿ ಬೇಕೆಂದು ಕೇಳತೊಡಗಿದರಂತೆ. ಆ ತಂಡವೂ ಕೆಲವೇ ವರ್ಷಗಳಲ್ಲಿ ಗೆಲ್ಲತೊಡಗಿತು. ಇಲ್ಲಿ ಸರ್ ಸ್ವತಃ ಸೇರಿಸುವ ಒಂದು ಮಾತಿದೆ, ಅದನ್ನು ಬಿಟ್ಟರೆ ಅವರಿಗೆ ನ್ಯಾಯ ಮಾಡಿದಂತಾಗುವುದಿಲ್ಲ. 2004ರಲ್ಲಿ ತುಮಕೂರು ವಿಶ್ವವಿದ್ಯಾನಿಲಯ ಪ್ರತ್ಯೇಕವಾಗುವ ತನಕ ಇಲ್ಲಿನ ಕಾಲೇಜುಗಳು ಬೆಂಗಳೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು, ಅಂದರೆ ರಾಜಧಾನಿಯ ದೊಡ್ಡ ದೊಡ್ಡ ಕಾಲೇಜುಗಳನ್ನು ಸೋಲಿಸದೆ ಕಪ್ಪು ಕೈಗೆ ಬರುತ್ತಿರಲಿಲ್ಲ. “ಆಮೇಲಿನ ಕಪ್ಪುಗಳನ್ನ ಅರ್ಧ ಅಂತ ಲೆಕ್ಕ ಹಾಕ್ಕೊಳ್ಳಿ ಮೇಡಂ” ಎಂದರು. ಸಾಧನೆಯ ಪಟ್ಟಿಯನ್ನು ತಾನೇ ಕಡಿತ ಮಾಡಿಕೊಳ್ಳುವ ಮನುಷ್ಯನನ್ನು ನಾನು ನನ್ನ ವೃತ್ತಿಯಲ್ಲಿ ಇಷ್ಟರವರೆಗೆ ಕಂಡಿರಲಿಲ್ಲ.

ಹಲವು ಆಟಗಳಲ್ಲಿ ಗೆದ್ದದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಮೈದಾನದಲ್ಲಿಯೇ ಕಾಣುತ್ತದೆ. ತರಬೇತಿ ಆರಂಭವಾಗುವ ಹಿಂದಿನ ದಿನ, ಭಾನುವಾರ, ಅವರು ಗೆರೆ ಹಾಕುವುದನ್ನು ನೋಡಿದೆ. ಕೈಯಲ್ಲಿ ಒಂದು ಹಳೆಯ ನೂಲಿನ ಹಗ್ಗ, ಅದರಲ್ಲಿ ಅಳತೆಗೆ ಸರಿಯಾಗಿ ಗಂಟುಗಳು. ಮೂರು, ನಾಲ್ಕು, ಐದು ಮೀಟರಿನ ತ್ರಿಕೋನವಾಗುವಂತೆ ಮೊಳೆಗಳಿಗೆ ಹಗ್ಗ ಬಿಗಿದು ಮೂಲೆಯನ್ನು ನೇರ ಮಾಡಿಕೊಂಡು, ಅಲ್ಲಿಂದ 27 ಮೀಟರ್ ಉದ್ದ, 16 ಮೀಟರ್ ಅಗಲದ ಖೋ ಖೋ ಅಂಕಣಕ್ಕೆ ಸುಣ್ಣದ ಪುಡಿ ಎಳೆದರು. ಅದರ ಒಳಗೇ 18ಕ್ಕೆ 9 ಮೀಟರಿನ ವಾಲಿಬಾಲ್ ಅಂಕಣ. ಅದಕ್ಕೆ ಸುಣ್ಣದಲ್ಲಿ ಕೆಮ್ಮಣ್ಣು ಬೆರೆಸಿ ಬೇರೆ ಬಣ್ಣ. ಕಬಡ್ಡಿ ಅಂಕಣ ಮಾತ್ರ ಪಕ್ಕದಲ್ಲಿ, ಅಗೆದು ಮೆದುವಾಗಿಸಿದ ಮಣ್ಣಿನಲ್ಲಿ. ಇಷ್ಟೆಲ್ಲ ಗೆರೆ ಹಾಕಿದವರು ಮರುದಿನದಿಂದ ಹತ್ತು ದಿನ ಮಕ್ಕಳಿಗೆ ಯಾವ ಆಟವನ್ನೂ ಆಡಿಸಲಿಲ್ಲ. ಚೆಂಡು ಚೀಲದಿಂದ ಹೊರಗೆ ಬರಲೇ ಇಲ್ಲ. ಸಿಳ್ಳೆ ಊದಿದಾಗ ಓಡುವುದು, ಎರಡನೆಯ ಸಿಳ್ಳೆಗೆ ಗೆರೆಯ ಮೇಲೆ ನಿಲ್ಲುವುದು, ತಿರುಗುವುದು, ಕುಕ್ಕರುಗಾಲಿನಿಂದ ಏಳುವುದು, ಮತ್ತೆ ಓಡುವುದು. ಮೂರನೆಯ ದಿನ ನನ್ನ ಪಕ್ಕ ಕುಳಿತಿದ್ದ ತಂದೆಯೊಬ್ಬರು, ಇದಕ್ಕೆ ದುಡ್ಡು ಕೊಡಬೇಕಿತ್ತೇ ಎಂದು ಗೊಣಗಿದರು. ನನಗೂ ಹಾಗೇ ಅನ್ನಿಸಿತ್ತು.

ಸರ್ ಅವರ ಕಣ್ಣು ಆ ಹತ್ತು ದಿನವೂ ಇದ್ದದ್ದು ಮಕ್ಕಳ ಹಿಮ್ಮಡಿಯ ಮೇಲೆ. ನಿಲ್ಲುವಾಗ ಹಿಮ್ಮಡಿ ಊರಿ ಜಾರುವ ಮಗುವನ್ನು ಹೊರಗೆ ಕರೆದು, ಮುಂಗಾಲಿನ ಮೇಲೆ ಮೊಣಕಾಲು ಬಗ್ಗಿಸಿ ನಿಲ್ಲಿಸಿ, ಭುಜವನ್ನು ಮೆಲ್ಲಗೆ ತಳ್ಳಿ ನೋಡುತ್ತಾರೆ. ಅಲುಗಾಡದಿದ್ದರೆ “ಹೋಗಮ್ಮ”, ಅಲುಗಾಡಿದರೆ “ಇನ್ನೊಂದ್ಸಲ ಕಂದ”. ಹತ್ತು ದಿನ ಕಳೆದ ಮೇಲೆ ಆಟಗಳು ಒಂದೊಂದಾಗಿ ಬಂದವು, ಆಗ ಆ ಕಸರತ್ತಿನ ಅರ್ಥ ತಿಳಿಯಿತು. ಖೋ ಖೋದಲ್ಲಿ ಎಂಟು ಮಂದಿ ಒಬ್ಬರು ಈ ಕಡೆ, ಮತ್ತೊಬ್ಬರು ಆ ಕಡೆ ಮುಖ ಮಾಡಿ ಕುಳಿತಿರುತ್ತಾರೆ. ಬೆನ್ನ ಹಿಂದೆ ‘ಖೋ’ ಬಿದ್ದ ಕ್ಷಣ ಎದ್ದವರು ಹಿಡಿದ ದಿಕ್ಕನ್ನು ಬದಲಿಸುವಂತಿಲ್ಲ, ನಡುಗೆರೆ ದಾಟುವಂತಿಲ್ಲ, ಕಂಬ ಸುತ್ತಿದ ಮೇಲೆಯೇ ದಿಕ್ಕು ಬದಲು. ಏಳುವ ಮೊದಲ ಹೆಜ್ಜೆ ತಪ್ಪಿದರೆ ಎದುರಾಳಿ ಆಗಲೇ ಹಿಂದೆ ಹೋಗಿರುತ್ತಾನೆ. ಕಬಡ್ಡಿಯಲ್ಲಿ ಎದುರಾಳಿಗಳು ಆರು ಮಂದಿಗಿಂತ ಕಡಿಮೆಯಿಲ್ಲದಿದ್ದಾಗ ಬೋನಸ್ ಅಂಕ ಸಿಗುತ್ತದೆ, ಆದರೆ ಒಂದು ಕಾಲು ಬೋನಸ್ ಗೆರೆಯಾಚೆ ಊರುವಾಗ ಇನ್ನೊಂದು ಕಾಲು ನೆಲ ಬಿಟ್ಟಿರಬೇಕು. ಮೂವತ್ತು ಸೆಕೆಂಡಿನ ರೈಡಿನಲ್ಲಿ ಒಂಟಿ ಕಾಲಿನ ಮೇಲೆ ಅರೆಕ್ಷಣ ನಿಂತು ವಾಪಸಾಗುವ ಆಟ ಅದು. ವಾಲಿಬಾಲಿನ ಸ್ಮ್ಯಾಷಿನಲ್ಲಿ ಓಡಿ ಬಂದ ವೇಗವನ್ನು ಕೊನೆಯ ಹೆಜ್ಜೆಯಲ್ಲಿ ತಡೆದು ಮೇಲಕ್ಕೆ ತಿರುಗಿಸಬೇಕು, ತಡೆಯಲು ಬಾರದವನು ನೆಟ್ಟಿಗೆ ಹೋಗಿ ಬೀಳುತ್ತಾನೆ. “ಕಾಲು ನಿಂತ್ರೆ ಕೈ ತಾನೇ ಕಲಿಯುತ್ತೆ” ಎಂಬುದು ಅವರು ದಿನಕ್ಕೆ ಇಪ್ಪತ್ತು ಬಾರಿ ಹೇಳುವ ಮಾತು. ಅವರು ನಾಲ್ಕು ಆಟ ಕಲಿಸುತ್ತಾರೆ ಎನ್ನುವುದಕ್ಕಿಂತ, ನಿಲ್ಲುವುದು ಎಂಬ ಒಂದನ್ನು ಮೂರು ಆಟಗಳಿಗೆ ಹಂಚುತ್ತಾರೆ ಎನ್ನುವುದು ಹೆಚ್ಚು ಸರಿ.

ಮೂರು ಎಂದೆ, ನಾಲ್ಕನೆಯದು ಓಟ. ಅಲ್ಲಿ ಈ ವಿದ್ಯೆ ನಡೆಯುವುದಿಲ್ಲ, ಓಟಗಾರ ನಿಲ್ಲುವುದೇ ಇಲ್ಲವಲ್ಲ. ವೃತ್ತಿಯುದ್ದಕ್ಕೂ ತಮಗೆ ಅತಿ ತಡವಾಗಿ ಒಲಿದದ್ದು ರಿಲೇ ಎಂದು ಸರ್ ಒಪ್ಪಿಕೊಳ್ಳುತ್ತಾರೆ. ಅವರ ಹಳೆಯ ನೋಟ್ ಪುಸ್ತಕಗಳನ್ನು ಕೇಳಿ ನೋಡಿದೆ. ಉದ್ದನೆಯ ಅಕೌಂಟ್ಸ್ ಪುಸ್ತಕಗಳಾದ್ದರಿಂದ ನನಗೆ ಸಲೀಸಾಯಿತು. ಪ್ರತಿ ಆಟಗಾರನಿಗೆ ಒಂದು ಪುಟ, ಎಡಗಡೆ ಹಾಜರಿ, ಬಲಗಡೆ ತಪ್ಪುಗಳು. ರಿಲೇ ಪುಟಗಳಲ್ಲಿ ವರ್ಷಗಟ್ಟಲೆ ಒಂದೇ ತಪ್ಪು: ಬೇಟನ್ ಪಡೆಯುವವನು ಕಾಯುತ್ತಾನೆ, ಅಂದರೆ ನಿಂತುಬಿಡುತ್ತಾನೆ. ತಾವು ಉಳಿದ ಆಟಗಳಲ್ಲಿ ಕಲಿಸಿದ ಗುಣವೇ ಇಲ್ಲಿ ದೋಷವಾಗಿದೆ ಎಂಬುದು ಹೊಳೆಯಲು ಅವರಿಗೆ ಬಹಳ ವರ್ಷ ಹಿಡಿಯಿತಂತೆ. 4x100 ಮೀಟರ್ ರಿಲೇಯಲ್ಲಿ ಬೇಟನ್ ಬದಲಿಸುವ ವಲಯ ಮೊದಲು 20 ಮೀಟರ್ ಇದ್ದು, ಅದರ ಹಿಂದೆ ವೇಗ ಹಿಡಿಯಲು 10 ಮೀಟರ್ ಬೇರೆ ಇರುತ್ತಿತ್ತು. 2017ರ ಕೊನೆಯಲ್ಲಿ ಎರಡನ್ನೂ ಸೇರಿಸಿ 30 ಮೀಟರಿನ ಒಂದೇ ವಲಯ ಮಾಡಿದರು. ಅದಕ್ಕೆ ಸಂಬಂಧಿಸಿದ ಪುಟದಲ್ಲಿ ಕೆಂಪು ಶಾಯಿಯಲ್ಲಿ ‘ಮತ್ತೆ ಮೊದಲಿನಿಂದ’ ಎಂದು ಬರೆದುಕೊಂಡಿದ್ದಾರೆ. ವಾಲಿಬಾಲ್ ಪುಸ್ತಕದಲ್ಲಿಯೂ ಅದೇ ಕೆಂಪು ಶಾಯಿ ಇದೆ. ಸರ್ವಿಸ್ ಮಾಡಿದ ತಂಡಕ್ಕಷ್ಟೇ ಅಂಕ ಸಿಗುತ್ತಿದ್ದ 15 ಅಂಕಗಳ ಸೆಟ್ಟು ಹೋಗಿ, ಪ್ರತಿ ರ್‍ಯಾಲಿಗೂ ಅಂಕ ನೀಡುವ 25 ಅಂಕಗಳ ಸೆಟ್ಟು 1990ರ ದಶಕದ ಅಂತ್ಯದಲ್ಲಿ ಬಂದಾಗ, ಸರ್ವಿಸನ್ನು ಧೈರ್ಯವಾಗಿ ಹೊಡೆಯುತ್ತಿದ್ದ ಅವರ ಹುಡುಗರು ಒಂದು ಋತು ಪೂರ್ತಿ ಅಂಕ ದಾನ ಮಾಡಿಕೊಂಡು ಬಂದರು. ಹಲವು ಆಟಗಳ ತರಬೇತುದಾರನಿಗೆ ಹಲವು ನಿಯಮಾವಳಿಗಳ ಕಾಟವೂ ಇರುತ್ತದೆಂಬುದು ನನಗೆ ಹೊಳೆದಿರಲಿಲ್ಲ.

ಭರಣಿ ಮಳೆ ಈ ಬಾರಿ ಚೆನ್ನಾಗಿಯೇ ಸುರಿಯಿತು. ರೈತರಿಗೆ ಅದು ಶುಭ, ಸಂಜೆ ಕ್ಲಾಸಿಗೆ ಅಲ್ಲ. ಮಳೆ ಬಂದ ದಿನಗಳಲ್ಲಿ ಮಕ್ಕಳನ್ನು ಶಾಲೆಯ ಜಗಲಿಯಲ್ಲಿ ಕೂರಿಸಿ, ನೆನೆಸಿದ ಕಡಲೆಕಾಯಿ ಬೀಜ ಮತ್ತು ಬೆಲ್ಲ ಹಂಚಿ, ಸರ್ ಕತೆ ಹೇಳುತ್ತಾರೆ. ಅವುಗಳಲ್ಲಿ ಒಂದು ಅಮೆರಿಕದ ಏಮೋಸ್ ಅಲೊಂಜೊ ಸ್ಟಾಗ್ ಅವರದು. ಸ್ಪ್ರಿಂಗ್‌ಫೀಲ್ಡಿನ ವೈ.ಎಂ.ಸಿ.ಎ. ಎಂಬ ಕ್ರೈಸ್ತ ಯುವಕರ ಸಂಘದ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ 1891ರಲ್ಲಿ ಬ್ಯಾಸ್ಕೆಟ್‌ಬಾಲ್ ಹುಟ್ಟುಹಾಕಿದ ಕೆಲವೇ ತಿಂಗಳಲ್ಲಿ, 1892ರ ಮಾರ್ಚಿನಲ್ಲಿ, ಮೊದಲ ಸಾರ್ವಜನಿಕ ಪಂದ್ಯ ನಡೆಯಿತು. ವಿದ್ಯಾರ್ಥಿಗಳು ಮೇಷ್ಟ್ರುಗಳನ್ನು 5-1ರಿಂದ ಸೋಲಿಸಿದರು. ಮೇಷ್ಟ್ರುಗಳ ಪಾಲಿನ ಆ ಒಂದು ಅಂಕ ಸ್ಟಾಗ್ ಅವರದು. ಅದೇ ವರ್ಷ ಅವರು ಷಿಕಾಗೊ ವಿಶ್ವವಿದ್ಯಾನಿಲಯಕ್ಕೆ ಹೋಗಿ ಅಮೆರಿಕನ್ ಫುಟ್‌ಬಾಲ್, ಬೇಸ್‌ಬಾಲ್, ಅಥ್ಲೆಟಿಕ್ಸ್ ಎಲ್ಲಕ್ಕೂ ತರಬೇತುದಾರರಾದರು. ಎಪ್ಪತ್ತು ತುಂಬಿತೆಂದು ವಿಶ್ವವಿದ್ಯಾನಿಲಯ ಅವರನ್ನು ನಿವೃತ್ತಿಗೊಳಿಸಿದಾಗ ಕ್ಯಾಲಿಫೋರ್ನಿಯಾದ ಪೆಸಿಫಿಕ್ ಕಾಲೇಜಿಗೆ ಹೋಗಿ 1933ರಿಂದ 1946ರವರೆಗೆ ಮತ್ತೆ ತಂಡ ಕಟ್ಟಿದರು. ಮುಂದೆ ಕಾಲೇಜು ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ಎರಡರ ಸಾಧಕರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್‌ನಲ್ಲಿಯೂ ಅವರ ಹೆಸರು ಸೇರಿತು. ಎಪ್ಪತ್ತರ ಭಾಗವನ್ನು ಹೇಳುವಾಗ ನಮ್ಮ ಸರ್ ಅವರ ದನಿ ಸ್ವಲ್ಪ ಏರುತ್ತದೆ; ನಿವೃತ್ತರ ಸ್ವಾರ್ಥ, ಕ್ಷಮಿಸಬಹುದು.

ಈ ಕತೆಗೂ ಶಿರಾ ಗೇಟಿಗೂ ಏನು ಸಂಬಂಧ ಎಂದು ಒಬ್ಬ ಹುಡುಗ ಕೇಳಿಯೇ ಬಿಟ್ಟ. ಸಂಬಂಧವಿದೆ. ಅದೇ ಸ್ಪ್ರಿಂಗ್‌ಫೀಲ್ಡಿನಲ್ಲಿ ಓದಿದ ವಿಲಿಯಂ ಮಾರ್ಗನ್ 1895ರಲ್ಲಿ ವಾಲಿಬಾಲ್ ಕಂಡುಹಿಡಿದರು. ಅಲ್ಲಿಯೇ ಓದಿದ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜನ್ನು ಆರಂಭಿಸಿ, ನಾಲ್ಕು ವರ್ಷಗಳ ನಂತರ ಭಾರತದ ತಂಡವನ್ನು ಪ್ಯಾರಿಸ್ ಒಲಿಂಪಿಕ್ಸ್‌ಗೆ ಕರೆದುಕೊಂಡು ಹೋದರು. ದಕ್ಷಿಣ ಭಾರತದ ಶಾಲೆ ಕಾಲೇಜುಗಳಲ್ಲಿ ಒಬ್ಬರೇ ಮೇಷ್ಟ್ರು ಎಲ್ಲ ಆಟ ಕಲಿಸುವ ಪದ್ಧತಿಯ ಬೇರು ಆ ಕಾಲೇಜಿನಲ್ಲಿದೆ. ಸರ್ ಅವರಿಗೆ ಬಿ.ಪಿ.ಎಡ್.ನಲ್ಲಿ ಪಾಠ ಹೇಳಿದ ಗುರುಗಳು ಮದರಾಸಿನಲ್ಲಿ ಕಲಿತವರಾಗಿದ್ದರಂತೆ. ಹುಡುಗನಿಗೆ ಇದು ರುಚಿಸಲಿಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪಿನ ಕತೆ ಹೇಳಿ ಎಂದ. ಭಾರತದ ಪುರುಷರೂ ಮಹಿಳೆಯರೂ ನೇಪಾಳವನ್ನು ಸೋಲಿಸಿ ಕಪ್ಪು ಗೆದ್ದದ್ದು, ಆ ತಂಡಗಳಲ್ಲಿ ನಮ್ಮ ಕರ್ನಾಟಕದ ಬಿ. ಚೈತ್ರಾ ಮತ್ತು ಎಂ.ಕೆ. ಗೌತಮ್ ಇದ್ದದ್ದು, ಎಲ್ಲವೂ ಮಕ್ಕಳಿಗೆ ಬಾಯಿಪಾಠ. ಆದರೂ ಸರ್ ಬಾಯಲ್ಲಿ ಕೇಳಬೇಕು ಅವರಿಗೆ.

ಇನ್ನು ಕೊರತೆಗಳು. ಅವು ಸಣ್ಣವಲ್ಲ. ಮೇ ಮೊದಲ ವಾರದಲ್ಲಿ ಕಂಬ ಸುತ್ತುವಾಗ ನನ್ನ ಮಗಳ ಕಾಲು ಉಳುಕಿತು. ಸರ್ ಓಡಿ ಬಂದು ಕಾಲನ್ನು ಎತ್ತರದಲ್ಲಿಟ್ಟು ಬ್ಯಾಂಡೇಜು ಸುತ್ತಿದ್ದು ಸರಿಯೇ, ಆದರೆ ಅವರ ಪ್ರಥಮ ಚಿಕಿತ್ಸೆಯ ಡಬ್ಬಿಯಲ್ಲಿದ್ದ ಸ್ಪ್ರೇ ಖಾಲಿಯಾಗಿತ್ತು, ಐಸು ಇರಲಿಲ್ಲ. ಕಡೆಗೆ ಗೇಟಿನ ಹೊರಗೆ ನಿಲ್ಲುವ ಕಬ್ಬಿನ ಹಾಲಿನ ಗಾಡಿಯವರು ಗೋಣಿಚೀಲದಲ್ಲಿದ್ದ ಐಸನ್ನು ಒಡೆದು ಕರವಸ್ತ್ರದಲ್ಲಿ ಕಟ್ಟಿ ಕೊಟ್ಟರು. ಐವತ್ತಕ್ಕೂ ಹೆಚ್ಚು ಮಕ್ಕಳು ದಿನವೂ ಓಡಿ ಬೀಳುವ ಜಾಗದಲ್ಲಿ ಐಸಿಗೆ ಗಾಡಿಯವರನ್ನು ನಂಬಿಕೊಂಡಿರುವುದು ಒಪ್ಪುವ ಮಾತಲ್ಲ, ಇದನ್ನು ಸರ್ ಅವರಿಗೇ ಹೇಳಿದೆ, ಅವರು ತಲೆ ತಗ್ಗಿಸಿದರು. ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು ಬೀಗ ಹಾಕುವಂಥ ಕೋಣೆಯಿಲ್ಲ. ಅವರ ಹಳೆಯ ಶಿಷ್ಯೆಯೊಬ್ಬರು ಸಹಾಯಕ್ಕೆ ಬರುತ್ತಾರಾದರೂ ವಾರಕ್ಕೆ ಮೂರೇ ದಿನ. ಉಳಿದ ದಿನ ಹುಡುಗಿಯರು ಏನನ್ನಾದರೂ ಹೇಳಿಕೊಳ್ಳಬೇಕೆಂದರೆ ಯಾರೂ ಇರುವುದಿಲ್ಲ. ಮಳೆಗೆ ಕ್ಲಾಸು ರದ್ದಾದರೆ ಸಂದೇಶ ಬರುವುದು ಮಕ್ಕಳು ನೆನೆದು ಮೈದಾನ ಮುಟ್ಟಿದ ಮೇಲೆ. ಹಾಜರಿಯನ್ನು ಅಷ್ಟು ಅಚ್ಚುಕಟ್ಟಾಗಿ ಬರೆಯುವ ಮನುಷ್ಯ ಶುಲ್ಕಕ್ಕೆ ರಸೀದಿ ಕೊಡುವುದಿಲ್ಲ ಎಂಬುದು ನನ್ನ ವೃತ್ತಿಯವರಿಗೆ ಮಾತ್ರ ಕಾಡುವ ವಿಷಯವಿರಬಹುದು, ಆದರೂ ದಾಖಲಿಸುತ್ತೇನೆ.

ಮತ್ತೊಂದು ಮಿತಿಯನ್ನು ಕೊರತೆ ಎನ್ನಲಾರೆ. ಹದಿನಾಲ್ಕು ದಾಟಿದ, ಒಂದೇ ಆಟದಲ್ಲಿ ಮುಂದೆ ಹೋಗಬೇಕೆಂಬ ಮಗುವಿಗೆ ಇದು ಸಾಲದು. ವಾಲಿಬಾಲ್ ಚೆನ್ನಾಗಿ ಆಡುತ್ತಿದ್ದ ಎತ್ತರದ ಹುಡುಗನೊಬ್ಬನ ತಂದೆಗೆ ಸರ್ ಎಲ್ಲರ ಎದುರೇ, “ಇವನಿಗೆ ನನ್ನತ್ರ ಇರೋದು ಮುಗೀತು, ಡಿಪ್ಲೊಮಾ ಮಾಡಿದ ಕೋಚ್ ಹತ್ರ ಕಳಿಸಿ” ಎಂದು ಹೇಳಿ, ಉಳಿದ ಅರ್ಧ ತಿಂಗಳ ಶುಲ್ಕವನ್ನು ಜೇಬಿನಿಂದ ತೆಗೆದು ಕೊಟ್ಟರು. ಆ ತಂದೆಗೆ ಬೇಸರವಾದಂತೆ ಕಂಡಿತು. ಒಂಬತ್ತರಿಂದ ಹದಿನಾಲ್ಕರ ವಯಸ್ಸಿನವರಿಗಾದರೆ, ಯಾವ ಆಟ ತನಗೆ ಹಿಡಿಸುತ್ತದೆಂದು ಇನ್ನೂ ತಿಳಿಯದ ಮಕ್ಕಳಿಗಾದರೆ, ತುಮಕೂರಿನಲ್ಲಿ ಇದಕ್ಕಿಂತ ಒಳ್ಳೆಯ ತರಬೇತಿಯನ್ನು ನಾನು ಕಂಡಿಲ್ಲ. ಎರಡು ಕಡೆ ಸೇರಿಸಿ, ಬಿಡಿಸಿ, ಆಮೇಲೆ ಇಲ್ಲಿಗೆ ಬಂದವಳು ನಾನು. ಕಪ್ಪು, ಪ್ರಮಾಣಪತ್ರ, ಕೊನೆಯ ದಿನದ ಸಮಾರಂಭ ನಿರೀಕ್ಷಿಸುವವರು ಹಣ ಉಳಿಸಿಕೊಳ್ಳಬಹುದು, ಅವು ಯಾವುವೂ ಇಲ್ಲಿಲ್ಲ. ನನ್ನ ಮಗಳು ಯಾವ ತಂಡಕ್ಕೂ ಆಯ್ಕೆಯಾಗಿಲ್ಲ. ಖೋ ಖೋದಲ್ಲಿ ಅವಳನ್ನು ಮುಟ್ಟಲು ಈಗ ಅವಳ ಅಣ್ಣನಿಗೆ ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟು ಹೇಳಬಲ್ಲೆ.

ದಸರಾ ರಜೆಯಲ್ಲಿ ಹದಿನೈದು ದಿನಗಳ ತರಗತಿ ಮತ್ತೆ ನಡೆಯುತ್ತದೆ. ಸೇರಿಸುವವರು ಶೂ ಕೊಳ್ಳುವ ಅವಸರ ಮಾಡಬೇಡಿ, ಮೊದಲ ಹತ್ತು ದಿನ ಬರಿಗಾಲು. ನೀರಿನ ಬಾಟಲಿ ಮನೆಯಿಂದಲೇ ಕೊಡಿ. ದ್ವಿಚಕ್ರ ವಾಹನಗಳನ್ನು ಗೇಟಿನ ಒಳಗೆ ಬಿಡುವುದಿಲ್ಲ. ಹೆಸರು ಬರೆಸಲು ಹೋದ ದಿನ ನಾನು ಔಷಧಿ ಅಂಗಡಿಯಿಂದ ಎರಡು ಜೆಲ್ ಪ್ಯಾಕ್, ಒಂದು ಸ್ಪ್ರೇ, ಜೊತೆಗೆ ಐಸ್ ಇಡುವ ಸಣ್ಣ ಡಬ್ಬಿಯೊಂದನ್ನು ಒಯ್ದು ಕೊಟ್ಟೆ. ಸರ್ ಕನ್ನಡಕ ಏರಿಸಿಕೊಂಡು ಒಂದೊಂದನ್ನೂ ಎಣಿಸಿ, ದಿನಾಂಕ ಸಮೇತ ತಮ್ಮ ಉದ್ದನೆಯ ಪುಸ್ತಕದಲ್ಲಿ ಬರೆದುಕೊಂಡರು. ರಸೀದಿ ಕೊಡಲಿಲ್ಲ.